ಆಷಾಢದ ಮಳೇಲಿ ಅಪ್ಪನ ಚಿತೆ ಸರಿಯಾಗಿ ಉರೀಲಿಲ್ಲ, ನಮ್ಮಿಂದ ಎಂತ ತಪ್ಪಾಯ್ತು?

ಬೆಟ್ಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಮನೇಲಿ ಯಾರ ಹತ್ರಾನೂ ಕೇಳೋ ಹಾಗಿಲ್ಲ, ಅದಕ್ಕೆ ಇಲ್ಲಿ ಬರೀತಾ ಇದ್ದೇನೆ, ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ. ಹೋದ ತಿಂಗಳು ನಮ್ಮ ಅಪ್ಪ ತೀರಿಕೊಂಡ್ರು. ನಮ್ಮದು ಶಿರಸಿ ಪೇಟೆಯಿಂದ ಒಳಗೆ ಒಂದು ಸಣ್ಣ ಊರು, ಒಟ್ಟು 23 ಮನೆ. ಅವತ್ತು ಬೆಳಗಿಂದ ದೋ ಅಂತ ಮಳೆ, ಕರೆಂಟೂ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಊರವರೆಲ್ಲ ಬಂದು ನಮ್ಮ ಬೆಟ್ಟದಲ್ಲೇ ಒಂದು ಮಾವಿನ ಮರ ಕಡಿದ್ರು, ಮನೆ ಕಟ್ಟಿಗೆ ಕೊಟ್ಟಿಗೇಲಿ ಇದ್ದ ಒಣ ಕಟ್ಟಿಗೆ ಸುಮಾರು ಖರ್ಚಾಗಿ ಹೋಗಿತ್ತು, ಉಳಿದಿದ್ದಷ್ಟನ್ನೂ ಹೊತ್ಕೊಂಡು ಹೋದ್ವಿ. ನಾಲ್ಕು ಜನ ತಗಡು ಹಿಡ್ಕೊಂಡು ನಿಂತ್ರು, ನಾನು ಅಗ್ನಿ ಕೊಟ್ಟೆ.

ಹತ್ತಿದ್ದು ಹತ್ತಿತು, ಆದ್ರೆ ಬರೀ ಹೊಗೆ. ಸೀಮೆಎಣ್ಣೆ ಹಾಕಿದ್ವಿ, ಭಗ್ ಅಂತ ಹತ್ತೋದು, ಮತ್ತೆ ಕೂತ್ಕೊಳ್ಳೋದು. ಕೊನೆಗೆ ಯಾರೋ ಹಳೇ ಟೈರ್ ತಂದು ಹಾಕಿದ್ರು, ಆ ವಾಸನೆ ಇನ್ನೂ ಮೂಗಿಂದ ಹೋಗಿಲ್ಲ. ಸಂಜೆ ನಾಲ್ಕಕ್ಕೆ ಶುರು ಮಾಡಿದ್ದು ರಾತ್ರಿ ಎರಡು ಗಂಟೆ ಆದ್ರೂ ಎದೆ ಸೊಂಟದ ಭಾಗ ಹಾಗೇ ಇತ್ತು. ಮತ್ತೆ ಮೂರು ಮನೆಯಿಂದ ಒಣ ಕಟ್ಟಿಗೆ ತರಿಸಿ ಹಾಕಿದ್ಮೇಲೆ ಬೆಳಗಾಗೋ ಹೊತ್ತಿಗೆ ಮುಗೀತು. ಅಸ್ಥಿ ಸಂಚಯನಕ್ಕೆ ಹೋದಾಗ ಎಲುಬು ಬೆಳ್ಳಗೆ ಇರ್ಲಿಲ್ಲ, ಸುಮಾರೆಲ್ಲ ಕಪ್ಪು ಕಪ್ಪು. ಅದನ್ನೇ ತಗೊಂಡು ಗೋಕರ್ಣಕ್ಕೆ ಹೋಗಿ ಬಿಟ್ಟು ಬಂದ್ವಿ.

ಈಗ ವಿಷಯ ಎಂತ ಅಂದ್ರೆ, ವೈಕುಂಠದ ದಿನ ಊಟಕ್ಕೆ ಕೂತಾಗ ನೆಂಟರಲ್ಲಿ ಒಬ್ರು ಎಲ್ಲರ ಎದುರಿಗೇ ಹೇಳಿದ್ರು, ಆಸೆ ಉಳಿದವರ ದೇಹ ಬೇಗ ಉರಿಯೋದಿಲ್ಲ, ಮಗನ ಮೇಲೆ ಎಂತದೋ ಬೇಜಾರಿತ್ತು ಕಾಣ್ತದೆ ಅಂತ. ನಾನು ಬೆಂಗಳೂರಲ್ಲಿ ಇದ್ದವ, ಅಪ್ಪನ ಕೊನೇ ದಿನಗಳಲ್ಲಿ ಹತ್ರ ಇರ್ಲಿಲ್ಲ. ಆ ಮಾತು ಕೇಳಿದ್ಮೇಲೆ ನಿದ್ದೆ ಇಲ್ಲ ನಂಗೆ. ದೇಹ ಸುಡೋದು ಅಂದ್ರೆ ನಿಜವಾಗಿ ಎಂತ ಆಗ್ತದೆ? ಅಪ್ಪಂದು ಎಂತಕ್ಕೆ ಹಾಗಾಯ್ತು? ಎಲುಬು ಕಪ್ಪಾಗಿದ್ದು ಎಂತಕ್ಕೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾನಸೂರು ಕಡೆಯವ

ತಮಾ, ಮೊದ್ಲು ಒಂದು ಲೋಟ ನೀರು ಕುಡಿ. ನಾನು ಹತ್ತೊಂಬತ್ತನೇ ವರ್ಷದಿಂದ ಊರಲ್ಲಿ ಚಿತೆ ಒಟ್ಟೋ ಕೆಲಸಕ್ಕೆ ಹೋಗ್ತಾ ಇದ್ದೇನೆ, ಈಗ ಐವತ್ತೆಂಟು. ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಬೇಸಿಗೇಲಿ ಸತ್ತ ಮಹಾ ಜಿಪುಣ, ಊರಿಗೆಲ್ಲ ಸಾಲ ಉಳಿಸಿ ಹೋದವನೂ ಮೂರ್ನಾಲ್ಕು ತಾಸಿಗೆ ಉರಿದು ಬೂದಿ ಆಗಿದ್ದಾನೆ. ಜುಲೈ ತಿಂಗಳಲ್ಲಿ ಹೋದ ದೇವರಂಥ ಮುದುಕಿಯನ್ನ ನಾವು ರಾತ್ರಿಯಿಡೀ ಕೂತು ಸುಟ್ಟಿದ್ದೇವೆ. ಆಸೆಗೂ ಇದಕ್ಕೂ ಸಂಬಂಧ ಇಲ್ಲ. ಹಸಿ ಕಟ್ಟಿಗೆ, ಅಷ್ಟೇ. ಆ ನೆಂಟರು ಒಂದು ದಿನಾನೂ ಮಳೇಲಿ ಸ್ಮಶಾನದಲ್ಲಿ ರಾತ್ರಿ ಕಳೆದವರಲ್ಲ, ಕಳೆದಿದ್ರೆ ಆ ಮಾತು ಬಾಯಿಗೆ ಬರ್ತಿರ್ಲಿಲ್ಲ.

ಅವತ್ತೇ ಕಡಿದ ಮರ ಅವತ್ತೇ ಹಾಕಿದ್ರೆ ಹಾಗೇ ಆಗೋದು. ಒಡೆದು ಹೋಳು ಮಾಡಿದ ಕಟ್ಟಿಗೆ ಒಣಗೋಕೆ ಒಂದು ಇಡೀ ಬೇಸಿಗೆ ಬೇಕು, ಒಡೆಯದ ದಪ್ಪ ಕುಂಟೆಗೆ ವರ್ಷ ಬೇಕು. ಇನ್ನೊಂದು, ಗಾಬರೀಲಿ ಎಲ್ಲರೂ ಕಟ್ಟಿಗೇನ ಒತ್ತೊತ್ತಾಗಿ ಒಟ್ಟಿಬಿಡ್ತಾರೆ, ಜಾಸ್ತಿ ಹಾಕಿದಷ್ಟು ಒಳ್ಳೇದು ಅಂತ. ಗಾಳಿ ಆಡ್ದೆ ಬೆಂಕಿ ಎಲ್ಲಿಂದ ಬರ್ತದೆ? ಅಡಿಗೆ ಎರಡು ದಪ್ಪ ಕುಂಟೆ ಉದ್ದಕ್ಕೆ ಇಡಬೇಕು, ಅದರ ಮೇಲೆ ಅಡ್ಡಡ್ಡ, ಕೈ ತೂರೋ ಅಷ್ಟು ಸಂದು ಬಿಟ್ಟು. ಸಂದಿನಲ್ಲಿ ಸಣ್ಣ ಸೀಳು, ತೆಂಗಿನ ಸಿಪ್ಪೆ, ಕರಟ, ಒಣಗಿದ ಅಡಿಕೆ ದಬ್ಬೆ. ಕರಟ ಅಂದ್ರೆ ಹಗುರಾಗಿ ನೋಡಬೇಡ, ಒಂದು ಚೀಲ ಕರಟ ಸರಿ ಜಾಗಕ್ಕೆ ಹಾಕಿದ್ರೆ ಐದು ಲೀಟರ್ ಸೀಮೆಎಣ್ಣೆಗಿಂತ ಎಷ್ಟೋ ಮೇಲು, ಕೆಂಡ ನಿಲ್ತದೆ. ಸೀಮೆಎಣ್ಣೆ ಮೇಲಿಂದ ಮೇಲೆ ಉರಿದು ಹೋಗ್ತದೆ, ಒಳಗಿನ ಹಸಿ ಹಾಗೇ ಇರ್ತದೆ. ಟೈರ್ ಮಾತ್ರ ಯಾವತ್ತೂ ಬೇಡ, ಆ ಹೊಗೆ ಕುಡಿದು ಚಿತೆ ಹತ್ರ ನಿಂತವರಿಗೆ ವಾರಗಟ್ಟಲೆ ಕೆಮ್ಮು, ಮತ್ತೆ ಅಪ್ಪನ್ನ ಕಳಿಸೋ ಬೆಂಕಿಗೆ ಟೈರು ಅಂದ್ರೆ ನನ್ನ ಮನಸ್ಸಿಗೆ ಒಗ್ಗೋದಿಲ್ಲ.

ಎದೆ ಮೇಲೆ, ತೊಡೆ ಮೇಲೆ ಭಾರದ ಕುಂಟೆ ಇಡೋದು ಎಂತಕ್ಕೆ ಅಂತ ಹುಡುಗರು ಕೇಳ್ತಾರೆ. ಬಿಸಿ ತಾಗಿದಾಗ ಮಾಂಸಖಂಡ ಎಳೆದುಕೊಳ್ತದೆ, ಕೈ ಮೊಣಕಾಲು ಮಡಚ್ತದೆ, ಬೆನ್ನು ಸ್ವಲ್ಪ ಏಳಬಹುದು. ಅದನ್ನೇ ನೋಡಿ ಹೆಣ ಎದ್ದು ಕೂತ್ಕೊಳ್ತು ಅಂತ ಕತೆ ಮಾಡಿ ಮಕ್ಕಳನ್ನ ಹೆದರಿಸೋದು. ನಿಂಗೂ ಅಂಥದ್ದು ಎಂತಾದ್ರೂ ಕಂಡಿದ್ರೆ ಮನಸ್ಸಿಂದ ತೆಗೆದು ಹಾಕು.

ಉಪ್ಪುನೀರು, ಕುಮಟಾ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೇನೆ, ಅದರ ಹಿಂದಿನ ಲೆಕ್ಕ ಹೇಳ್ತೇನೆ, ನಿಮ್ಮ ಮನಸ್ಸಿಗೆ ಸಮಾಧಾನ ಆಗಬಹುದು.

ಮನುಷ್ಯನ ದೇಹದಲ್ಲಿ ಸುಮಾರು 60 ಪರ್ಸೆಂಟ್ ನೀರು. 60 ಕೆಜಿ ತೂಕದ ಮನುಷ್ಯ ಅಂದ್ರೆ 35 ಲೀಟರಿಗೂ ಮೇಲೆ ನೀರು, ಎರಡು ದೊಡ್ಡ ಕೊಡಪಾನ ಅಂದ್ಕೊಳ್ಳಿ. ದಹನ ಅಂದ್ರೆ ಮೊದಲ ಕೆಲಸ ಆ ನೀರನ್ನ ಆವಿ ಮಾಡೋದು. ಅದು ಹೋಗೋವರೆಗೆ ದೇಹ ಉರಿಯೋಕೆ ಶುರುನೇ ಆಗೋದಿಲ್ಲ, ಬೇಯ್ತಾ ಇರ್ತದೆ ಅಷ್ಟೇ. ಕೈಕಾಲು ತೆಳು, ಬೇಗ ಆಗ್ತದೆ. ಹೊಟ್ಟೆ ಎದೆ ಸೊಂಟದ ಭಾಗ ದಪ್ಪ, ನೀರೂ ಅಲ್ಲೇ ಜಾಸ್ತಿ, ಅದಕ್ಕೇ ಯಾರದ್ದೇ ಆದ್ರೂ ಅದೇ ಕೊನೆಗೆ ಉಳಿಯೋದು. ನೀರು ಹೋದ ಮೇಲೆ ಕೊಬ್ಬು ಕರಗಿ ಹತ್ತಿಕೊಳ್ತದೆ, ಆಮೇಲೆ ದೇಹವೇ ಸ್ವಲ್ಪ ಮಟ್ಟಿಗೆ ತನ್ನ ಬೆಂಕಿಗೆ ತಾನೇ ಸೌದೆ.

ನೀವು ನಂಬ್ತೀರೋ ಇಲ್ಲವೋ, ಆ 35 ಲೀಟರ್ ನೀರು ಆವಿ ಮಾಡೋಕೆ ಬರೀ ಲೆಕ್ಕದ ಪ್ರಕಾರ ಆರೇಳು ಕೆಜಿ ಒಣ ಕಟ್ಟಿಗೆಯ ಶಾಖ ಸಾಕು. ಹಾಗಿದ್ರೂ ಬಯಲಲ್ಲಿ ಚಿತೆಗೆ 400, 500 ಕೆಜಿ ಎಂತಕ್ಕೆ ಬೇಕು ಅಂದ್ರೆ ಶಾಖದಲ್ಲಿ ಹೆಚ್ಚಿನ ಪಾಲು ಆಕಾಶಕ್ಕೆ, ಸುತ್ತ ಗಾಳಿಗೆ ಹೋಗ್ತದೆ, ದೇಹಕ್ಕೆ ಸಿಗೋದು ಚೂರು. ಈಗ ನಿಮ್ಮ ಹಸಿ ಮಾವಿನ ಮರಕ್ಕೆ ಬನ್ನಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರ್ತದೆ. 400 ಕೆಜಿ ಹಸಿ ಕಟ್ಟಿಗೆ ಅಂದ್ರೆ 200 ಲೀಟರ್ ಆಸುಪಾಸು ನೀರು. ನಿಮ್ಮ ಅಪ್ಪನ ದೇಹದಲ್ಲಿ ಇದ್ದಿದ್ದರ ಐದು ಪಾಲಿಗಿಂತ ಹೆಚ್ಚು ನೀರನ್ನ ನೀವೇ ಚಿತೆ ಒಳಗೆ ಇಟ್ಟಿದ್ರಿ, ಮೇಲಿಂದ ಮಳೆ ಬೇರೆ. ಕಟ್ಟಿಗೆ ಒಳಗೆ ನೀರು ಇರೋವರೆಗೆ ಆ ಜಾಗ 100 ಡಿಗ್ರಿ ದಾಟೋದಿಲ್ಲ, ಕಟ್ಟಿಗೆಯಿಂದ ಉರಿಯೋ ಗ್ಯಾಸ್ ಹೊರಗೆ ಬರೋಕೆ 250, 300 ಡಿಗ್ರಿ ಬೇಕು. ಅದಕ್ಕೇ ಬರೀ ಹೊಗೆ. ಕರೆಂಟಿನ ಅಥವಾ ಗ್ಯಾಸಿನ ಚಿತಾಗಾರದಲ್ಲಿ ಇಟ್ಟಿಗೆ ಗೂಡೊಳಗೆ ಸುಮಾರು 800ರಿಂದ 1000 ಡಿಗ್ರಿ ಶಾಖ ನಿಲ್ಲಿಸ್ತಾರೆ, ಶಾಖ ಹೊರಗೆ ಹೋಗೋಕೆ ಬಿಡೋದಿಲ್ಲ, ಒಂದೂವರೆ ಎರಡು ತಾಸಿಗೆ ಮುಗೀತದೆ. ಅದೇ ದೇಹ, ಅದೇ ನೀರು.

ಇನ್ನು ಎಲುಬು. ಎಲುಬಲ್ಲಿ ಎರಡು ಭಾಗ, ಒಂದು ಉರಿಯೋ ಪ್ರೋಟೀನು, ಇನ್ನೊಂದು ಉರಿಯದ ಕ್ಯಾಲ್ಸಿಯಂ ಫಾಸ್ಫೇಟ್. 300, 400 ಡಿಗ್ರಿಯಲ್ಲಿ ಆ ಪ್ರೋಟೀನು ಇದ್ದಿಲಾಗಿ ಎಲುಬು ಕಪ್ಪಾಗ್ತದೆ, 600ರ ಹತ್ರ ಬೂದು ಬಣ್ಣ, 700-800 ದಾಟಿ ಗಾಳಿನೂ ಚೆನ್ನಾಗಿ ಸಿಕ್ಕಿದ್ರೆ ಇದ್ದಿಲು ಪೂರ್ತಿ ಉರಿದು ಹೋಗಿ ಬೆಳ್ಳಗೆ ಸುಣ್ಣದ ಹಾಗೆ ಉಳೀತದೆ. ಕಪ್ಪು ಎಲುಬು ಅಂದ್ರೆ ಬೆಂಕಿ ಅಲ್ಲಿವರೆಗೆ ಕಾಯಲಿಲ್ಲ ಅಂತ ಅರ್ಥ, ಬೇರೆ ಎಂತ ಅರ್ಥವೂ ಅದಕ್ಕಿಲ್ಲ. ಮತ್ತೆ ಪೂರ್ತಿ ಉರಿದ್ರೂ ಒಬ್ಬ ದೊಡ್ಡ ಮನುಷ್ಯನ ದೇಹದಿಂದ ಉಳಿಯೋದು ಎರಡು ಮೂರು ಕೆಜಿ ಮಾತ್ರ, ಅದು ಎಲ್ಲಾ ಎಲುಬಿಂದೇ. ಚಿತೇಲಿ ಕಾಣೋ ಮೆತ್ತನೆ ಬೂದಿ ಇದೆಯಲ್ಲ, ಅದು ಕಟ್ಟಿಗೆ ಬೂದಿ.

ಬೆಟ್ಟದಂಚು, ಶಿರಸಿ

ಸರ್, 200 ಲೀಟರ್ ಲೆಕ್ಕ ಓದಿ ನಾಲ್ಕು ಸಲ ವಾಪಸ್ ಓದಿದೆ. ಅಣ್ಣ, ನೀವು ಹೇಳಿದ ಹಾಗೆ ಒತ್ತೊತ್ತಾಗೇ ಒಟ್ಟಿದ್ವಿ, ನಾನೇ ಇನ್ನೂ ಹಾಕಿ ಇನ್ನೂ ಹಾಕಿ ಅಂದೆ. ನಿಮ್ಮಿಬ್ಬರಿಗೂ ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಸುಮ್ನೆ ಕೇಳಿ ಒಳಗೆ ಹೋದ್ಲು, ಆಮೇಲೆ ಬಂದು ಆ ಲೆಕ್ಕ ಇನ್ನೊಂದ್ಸಲ ಓದು ಅಂದ್ಲು.

ಇನ್ನೊಂದು ಕೇಳ್ತೇನೆ. ಪಕ್ಕದ ಊರಲ್ಲಿ ಕಬ್ಬಿಣದ ಪೆಟ್ಟಿಗೆ ತರದ್ದು ಹಾಕಿದ್ದಾರೆ, ಸಿಲಿಕಾನ್ ಚೇಂಬರ್ ಅಂತಾರೆ, ಮೇಲೆ ಶೀಟ್ ಮಾಡು. ನಮ್ಮೂರಲ್ಲಿ ಹಾಕೋಣ ಅಂದ್ರೆ ಹಿರಿಯರು ಅದು ಶಾಸ್ತ್ರಕ್ಕೆ ಬರೋದಿಲ್ಲ, ಹಿಂದಿಂದ ನೆಲದ ಮೇಲೇ ಚಿತೆ ಮಾಡಿಕೊಂಡು ಬಂದಿದ್ದು ಅಂತಾರೆ. ಅದು ನಿಜವಾ?

ಕಾಳಿ ಸೇತುವೆ, ಕಾರವಾರ

ನಾನು ಹೈಸ್ಕೂಲಲ್ಲಿ ಇತಿಹಾಸ ಹೇಳಿ ರಿಟೈರ್ ಆದವ. ತಂದೆ ಕಳಕೊಂಡಿದ್ದೀರಿ, ಮೊದಲು ಅದಕ್ಕೆ ನನ್ನ ಸಂತಾಪ. ಹಿಂದಿಂದ ಅನ್ನೋ ಮಾತಿನ ಬಗ್ಗೆ ನಂಗೆ ಸ್ವಲ್ಪ ಹೇಳೋದಿದೆ, ಯಾಕೆ ಅಂದ್ರೆ ಈ ಹಿಂದಿಂದ ಅನ್ನೋದು ಎಲ್ಲಿಂದ ಅಂತ ಯಾರೂ ಕೇಳೋದಿಲ್ಲ.

ಈವರೆಗೆ ಸಿಕ್ಕ ಅತಿ ಹಳೇ ದಹನದ ಗುರುತು ಆಸ್ಟ್ರೇಲಿಯಾದ ಮುಂಗೋ ಅನ್ನೋ ಒಣಗಿದ ಕೆರೆ ದಂಡೆ ಮೇಲೆ, 1968ರಲ್ಲಿ ಸಿಕ್ಕಿದ್ದು, ಒಬ್ಬ ಹೆಂಗಸಿಂದು, ಸುಮಾರು 40 ಸಾವಿರ ವರ್ಷ ಹಳೇದು. ಅಲ್ಲಿ ಎಂತ ಕಂಡುಬಂತು ಗೊತ್ತುಂಟಾ, ಅವಳ ದೇಹಾನ ಒಂದು ಸಲ ಸುಟ್ಟು, ಉಳಿದ ಎಲುಬನ್ನ ಪುಡಿ ಮಾಡಿ, ಮತ್ತೊಂದು ಸಲ ಸುಟ್ಟು, ಆಮೇಲೆ ಸಣ್ಣ ಗುಂಡಿ ತೋಡಿ ಇಟ್ಟಿದ್ದಾರೆ. ನಿಮ್ಮ ಪ್ರಶ್ನೆ ಓದ್ತಾ ನಂಗೆ ಮೊದಲು ನೆನಪಾಗಿದ್ದೇ ಅವಳು. ಎರಡನೇ ಸಲ ಬೆಂಕಿ ಹಾಕಿದ್ದು ನೀವೊಬ್ಬರೇ ಅಲ್ಲ. 1992ರಲ್ಲಿ ಆ ಎಲುಬುಗಳನ್ನ ಅಲ್ಲಿನ ಮೂಲನಿವಾಸಿಗಳಿಗೇ ವಾಪಸ್ ಕೊಟ್ಟರು.

ನಮ್ಮಲ್ಲಿ ಋಗ್ವೇದದ ಹತ್ತನೇ ಮಂಡಲದಲ್ಲಿ ಅಗ್ನಿಗೆ ಹೇಳೋ ಸೂಕ್ತ ಇದೆ, 16ನೇದು. ಇವನನ್ನ ಪೂರ್ತಿ ಸುಟ್ಟುಬಿಡಬೇಡ, ಚರ್ಮ ದೇಹ ಚೆಲ್ಲಾಪಿಲ್ಲಿ ಮಾಡಬೇಡ, ಹದವಾಗಿ ಬೇಯಿಸಿ ಪಿತೃಗಳ ಹತ್ರ ಕಳಿಸು ಅಂತ. ಕಣ್ಣು ಸೂರ್ಯನಿಗೆ, ಉಸಿರು ಗಾಳಿಗೆ ಹೋಗಲಿ ಅಂತ. ಅಲ್ಲಿ ಅಗ್ನಿ ಬರೀ ಸುಡೋದಲ್ಲ, ಸಾಗಿಸೋದು, ಹಾಗಾಗೇ ಅಂತ್ಯೇಷ್ಟಿ ಅನ್ನೋ ಹೆಸರು, ಕೊನೇ ಯಜ್ಞ. ಆದ್ರೆ ಅದೇ ಮಂಡಲದಲ್ಲಿ ಸುಟ್ಟ ಪಿತೃಗಳು, ಸುಡದ ಪಿತೃಗಳು ಅಂತ ಎರಡೂ ಹೇಳಿದೆ, ಭೂಮಿತಾಯಿ ಇವನನ್ನ ಸೆರಗಲ್ಲಿ ಮುಚ್ಚಿಕೊಳ್ಳಲಿ ಅನ್ನೋ ಸೂಕ್ತವೂ ಎರಡೇ ಹೆಜ್ಜೆ ಆಚೆ ಇದೆ. ಅಂದ್ರೆ ಆವಾಗಲೂ ಒಂದೇ ಪದ್ಧತಿ ಇರ್ಲಿಲ್ಲ. ಇವತ್ತೂ ಇಲ್ಲ. ಸನ್ಯಾಸಿಗಳನ್ನ ನಾವು ಸುಡೋದಿಲ್ಲ, ನಿಮ್ಮ ಶಿರಸಿ ಹತ್ರದ ಸೋದೆಯಲ್ಲಿ ವಾದಿರಾಜರ ವೃಂದಾವನ ಇದೆಯಲ್ಲ. ಸಣ್ಣ ಮಕ್ಕಳನ್ನ ಹೂಳ್ತೇವೆ, ಲಿಂಗಾಯತರು ಕೂರಿಸಿ ಹೂಳ್ತಾರೆ.

ಗೂಡಿನ ಒಳಗೆ ಸುಡೋ ಪದ್ಧತಿ ಇಂಗ್ಲಿಷರಿಂದ ಬಂತು ಅಂತ ಹಿರಿಯರು ಹೇಳಿದ್ರೆ ಅದು ಅರ್ಧ ನಿಜ. ಯುರೋಪಲ್ಲಿ ರೋಮನ್ನರು ಸುಡ್ತಿದ್ರು, ಕ್ರೈಸ್ತ ಧರ್ಮ ಬಂದಮೇಲೆ ನಿಂತುಹೋಯ್ತು, ಚಾರ್ಲ್‌ಮೇನ್ ಅನ್ನೋ ರಾಜ ತಾನು ಗೆದ್ದ ಸ್ಯಾಕ್ಸನ್ನರ ನಾಡಲ್ಲಿ ಹೆಣ ಸುಟ್ಟವರಿಗೆ ಮರಣದಂಡನೆ ಅಂತಾನೇ ಕಾನೂನು ಮಾಡಿದ್ದ. ಸಾವಿರ ವರ್ಷಕ್ಕೂ ಮೇಲೆ ಅಲ್ಲಿ ಸುಡೋದೇ ಇರ್ಲಿಲ್ಲ. ಅದಕ್ಕೇ ರಾಜಾರಾಮ ಮೋಹನರಾಯರು 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡಾಗ ಹೂಳಿದ್ರು. ನಮ್ಮ ಕಾರವಾರದ ಬೀಚಿಗೆ ಯಾರ ಹೆಸರಿದೆಯೋ ಆ ಠಾಗೋರರ ಅಜ್ಜ ದ್ವಾರಕಾನಾಥರು 1846ರಲ್ಲಿ ಲಂಡನ್ನಲ್ಲಿ ಹೋದ್ರು, ಅವರನ್ನೂ ಅಲ್ಲೇ ಹೂಳಿದ್ದು. ರವೀಂದ್ರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಈ ಸಮುದ್ರ ನೋಡ್ತಾ ಇದ್ದಾಗ ಅಜ್ಜನ ಗೋರಿ ಅಷ್ಟು ದೂರ ಇತ್ತು ಅನ್ನೋದು ನಂಗೆ ಯಾವಾಗ್ಲೂ ಕಾಡ್ತದೆ.

ಆಮೇಲೆ 1870ರ ನವೆಂಬರಲ್ಲಿ ಕೊಲ್ಹಾಪುರದ ಹುಡುಗ ರಾಜ, ರಾಜಾರಾಮ ಮಹಾರಾಜ, ಇಂಗ್ಲೆಂಡಿಂದ ವಾಪಸ್ ಬರೋವಾಗ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ, ವಯಸ್ಸು ಇಪ್ಪತ್ತರ ಆಸುಪಾಸು. ಜೊತೆಗಿದ್ದವರು ಪರ್ಮಿಷನ್ ತಗೊಂಡು ಆರ್ನೋ ನದಿಗೆ ಇನ್ನೊಂದು ಹೊಳೆ ಸೇರೋ ಜಾಗದಲ್ಲಿ, ಸಂಗಮದಲ್ಲೇ, ಚಿತೆ ಮಾಡಿದ್ರು. ಪರದೇಶದಲ್ಲೂ ಎರಡು ನೀರು ಕೂಡೋ ಜಾಗ ಹುಡುಕಿದ್ದಾರೆ ನೋಡಿ. ಅಲ್ಲಿ ಇವತ್ತಿಗೂ ಅವನ ಸ್ಮಾರಕ ಇದೆ.

ಮೂರು ವರ್ಷ ಆದ್ಮೇಲೆ, 1873ರಲ್ಲಿ, ವಿಯೆನ್ನಾ ಪ್ರದರ್ಶನದಲ್ಲಿ ಇಟಲಿಯ ಬ್ರುನೆಟ್ಟಿ ಅನ್ನೋ ಪ್ರೊಫೆಸರ್ ದಹನದ ಗೂಡು ತೋರಿಸಿದ, ಅದನ್ನ ನೋಡಿದ ಹೆನ್ರಿ ಥಾಂಪ್ಸನ್ ಅನ್ನೋ ಸರ್ಜನ್ 1874ರಲ್ಲಿ ಇಂಗ್ಲೆಂಡಲ್ಲಿ ದಹನ ಸಂಘ ಕಟ್ಟಿದ. ಆದ್ರೂ ಕಾನೂನು ಗೊಂದಲ ಇತ್ತು. 1884ರಲ್ಲಿ ವೇಲ್ಸ್‌ನ ಮುದಿ ಡಾಕ್ಟರ್ ವಿಲಿಯಂ ಪ್ರೈಸ್ ತನ್ನ ತೀರಿಕೊಂಡ ಹಸುಗೂಸನ್ನ ಗುಡ್ಡದ ಮೇಲೆ ಸುಟ್ಟ, ಜನ ಮೈಮೇಲೆ ಬಂದ್ರು, ಕೇಸಾಯ್ತು, ಬೇರೆಯವರಿಗೆ ತೊಂದರೆ ಆಗದ ಹಾಗೆ ಸುಟ್ರೆ ಅಪರಾಧ ಅಲ್ಲ ಅಂತ ಜಡ್ಜ್ ಹೇಳಿದ್ರು. ಮರುವರ್ಷ ವೋಕಿಂಗ್‌ನಲ್ಲಿ ಚಿತಾಗಾರ ಕೆಲಸ ಶುರು ಮಾಡ್ತು, ಆ ಇಡೀ ವರ್ಷದಲ್ಲಿ ಸುಟ್ಟಿದ್ದು ಮೂರೇ ದೇಹ. ಇವತ್ತು ಅಲ್ಲಿ ಹೆಚ್ಚಿನವರು ಸುಡೋದೇ.

ಕಬ್ಬಿಣದ ಚೇಂಬರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಅಗ್ನಿ ಕೊಡೋದು ಮಗನೇ, ಮಂತ್ರ ಅದೇ, ಕಟ್ಟಿಗೇನೇ ಉರಿಯೋದು, ಪಕ್ಕದ ಗೋಡೆ ಶಾಖಾನ ಒಳಗೆ ತಿರುಗಿಸ್ತದೆ ಅಷ್ಟೇ. ದೆಹಲಿಯ ಮೋಕ್ಷದಾ ಅನ್ನೋ ಸಂಸ್ಥೆ 1990ರ ದಶಕದಿಂದ ಇಂಥದ್ದೇ ಚಿತಾಕಟ್ಟೆ ಮಾಡ್ತಾ ಬಂದಿದೆ, ಅದ್ರಲ್ಲಿ 150, 200 ಕೆಜಿ ಕಟ್ಟಿಗೆ ಸಾಕಾಗ್ತದೆ.

ಗಂಗಾವಳಿ, ಅಂಕೋಲಾ

ನಾನು ನರ್ಸ್. ಯಾರೂ ಹೇಳದ ಒಂದು ವಿಷಯ ಸೇರಿಸ್ತೇನೆ, ಇದನ್ನ ಓದೋ ಬೇರೆಯವರಿಗಾದ್ರೂ ಬೇಕಾಗಬಹುದು. ತೀರಿಕೊಂಡವರ ಎದೇಲಿ ಪೇಸ್‌ಮೇಕರ್ ಇದ್ರೆ ಸುಡೋ ಮೊದಲು ತೆಗೆಸಲೇಬೇಕು. ಒಳಗೆ ಲಿಥಿಯಂ ಬ್ಯಾಟರಿ, ಸುತ್ತ ಗಾಳಿ ಹೋಗದ ಹಾಗೆ ಮುಚ್ಚಿದ ಲೋಹದ ಡಬ್ಬಿ, ಬಿಸಿಗೆ ಸಿಡೀತದೆ. ಗೂಡಾದ್ರೆ ಇಟ್ಟಿಗೆ ಒಡೀತದೆ, ಬಯಲಾದ್ರೆ ಹತ್ರ ನಿಂತವರಿಗೆ ಅಪಾಯ. ಚರ್ಮದ ಕೆಳಗೇ ಇರ್ತದೆ, ಆಸ್ಪತ್ರೇಲೇ ಹೇಳಿದ್ರೆ ಸಣ್ಣ ಗಾಯ ಮಾಡಿ ತೆಗೆದು ಹೊಲಿಗೆ ಹಾಕಿ ಕೊಡ್ತಾರೆ. ಹಾಗೇ ಮರಣ ನೋಂದಣಿ 21 ದಿನದ ಒಳಗೆ ಮಾಡಿಸಿ, ಕಾರ್ಯದ ಗಡಿಬಿಡೀಲಿ ಎಷ್ಟೋ ಜನ ಮರೆತು ಆಮೇಲೆ ಓಡಾಡ್ತಾರೆ.

ಮೇಷ್ಟ್ರೇ, ನೀವು ಎರಡನೇ ಬೆಂಕಿ ಹೇಳಿದ್ರಲ್ಲ, ನಂಗೆ ಜಪಾನ್ ನೆನಪಾಯ್ತು. ಅಲ್ಲಿ ಈಗ ಹೆಚ್ಚುಕಮ್ಮಿ ಎಲ್ಲರನ್ನೂ ಸುಡ್ತಾರೆ, 1873ರಲ್ಲಿ ಸರ್ಕಾರ ನಿಷೇಧ ಮಾಡಿ ಎರಡೇ ವರ್ಷಕ್ಕೆ ವಾಪಸ್ ತಗೊಂಡಿತ್ತಂತೆ. ಸುಟ್ಟ ಮೇಲೆ ಮನೆಯವರೇ ಕಡ್ಡಿ ಹಿಡ್ಕೊಂಡು ಎಲುಬು ಆರಿಸ್ತಾರೆ, ಕಾಲಿಂದ ಶುರು ಮಾಡಿ ತಲೆ ಕಡೆಗೆ.

ಕಾಳಿ ಸೇತುವೆ, ಕಾರವಾರ

ಹೌದು ತಂಗಿ, ನಮ್ಮ ಆಶ್ವಲಾಯನ ಗೃಹ್ಯಸೂತ್ರದಲ್ಲೂ ಸಂಚಯನ ಕಾಲಿಂದ ಶುರು, ತಲೆ ಕೊನೆಗೆ, ಹೆಬ್ಬೆರಳು ಉಂಗುರದ ಬೆರಳಲ್ಲಿ ಸದ್ದಾಗದ ಹಾಗೆ ಒಂದೊಂದೇ ಎತ್ತಬೇಕು ಅಂತಿದೆ.

ಬೆಟ್ಟದಂಚು, ಶಿರಸಿ

ನಾವೂ ಕಾಲಿಂದಲೇ ಎತ್ತಿದ್ದು. ಭಟ್ರು ಹೇಳಿದ್ರು, ನಾನು ಎಂತಕ್ಕೆ ಅಂತ ಕೇಳಿರ್ಲಿಲ್ಲ.

ನಿನ್ನೆ ಊರ ಮೀಟಿಂಗಲ್ಲಿ ಇದನ್ನೆಲ್ಲ ಹೇಳಿದೆ. ಚೇಂಬರ್ ಸದ್ಯಕ್ಕೆ ಬೇಡ ಅಂದ್ರು, ಆದ್ರೆ ಸ್ಮಶಾನದ ಹತ್ರ ಒಂದು ಕಟ್ಟಿಗೆ ಕೊಟ್ಟಿಗೆ ಮಾಡೋಣ, ಅದಕ್ಕೂ ಚಿತೆ ಜಾಗಕ್ಕೂ ಎತ್ತರದ ಶೀಟ್ ಹಾಕೋಣ ಅಂತ ಎಲ್ಲರೂ ಒಪ್ಪಿದ್ರು. ಫೆಬ್ರವರಿ ಒಳಗೆ ಮನೆಗೆ 50 ಕೆಜಿ ಒಡೆದ ಕಟ್ಟಿಗೆ, ಒಂದು ಚೀಲ ಕರಟ. 23 ಮನೆ ಅಂದ್ರೆ 1150 ಕೆಜಿ, ಒಂದು ಮಳೆಗಾಲಕ್ಕೆ ಎರಡು ಚಿತೆಗೆ ಸಾಕು. ಮೊದಲ 50 ಕೆಜಿ ನಮ್ಮನೇದು ಅಂತ ಹೇಳಿ ಬಂದಿದ್ದೇನೆ. ಆ ನೆಂಟರಿಗೆ ಎಂತಾದ್ರೂ ಹೇಳಬೇಕು ಅಂತ ಇತ್ತು, ಈಗ ಇಲ್ಲ. ಅಣ್ಣ, ಕೊಟ್ಟಿಗೆ ನೆಲ ಹೇಗೆ ಮಾಡಬೇಕು?

ಕಾನಸೂರು ಕಡೆಯವ

ನೆಲಕ್ಕೆ ತಾಗಿಸಬೇಡ ತಮಾ, ಗೆದ್ದಲು ಬಿಡೋದಿಲ್ಲ. ಚಿರೆಕಲ್ಲು ಒಂದೂವರೆ ಅಡಿ ಎತ್ತರಕ್ಕೆ ಇಟ್ಟು, ಅದರ ಮೇಲೆ ಅಡಿಕೆ ಮರ ಅಡ್ಡ ಹಾಕಿ ಪೇರಿಸು. ಪಶ್ಚಿಮದ ಕಡೆ ಮಾತ್ರ ಪೂರ್ತಿ ಮುಚ್ಚು, ಮಳೆ ಇರಚಲು ಬರೋದು ಅಲ್ಲಿಂದಲೇ. ಉಳಿದ ಕಡೆ ಗಾಳಿ ಆಡಲಿ. ಪ್ರತಿ ವರ್ಷ ಹಳೇದು ಮೇಲೆ ತೆಗೆದಿಟ್ಟು ಹೊಸದನ್ನ ಅಡಿಗೆ ಹಾಕಬೇಕು. ಶುರು ಮಾಡೋ ದಿನ ಹೇಳು, ನಾನೂ ಬರ್ತೇನೆ.